ಹೂಂ ಅಂದವಳು

ಕಥೆ ಹೇಳುವವರಿಗೆ ಹೂಂಗುಟ್ಟುವವರು ಬೇಕು. ಹೂಂ ಎಂದರೆ ಒಪ್ಪಿದೆ ಎಂದಲ್ಲ. ಕೇಳುತ್ತಿದ್ದೇನೆ, ನಿದ್ದೆ ಹೋಗಿಲ್ಲ, ಮುಂದೆ ಹೇಳು ಎಂದಷ್ಟೇ. ಇದು ಮಾತು ಬಲ್ಲ ಎಲ್ಲರಿಗೂ ಗೊತ್ತು. ಆದರೆ ಮನುಷ್ಯನಿಗೆ ಏನಾದರೂ ಬೇಕೇ ಬೇಕು ಎಂದಾದಾಗ ಗೊತ್ತಿರುವುದೂ ಮರೆತುಹೋಗುತ್ತದೆ. ಬಾಗಿಲಕ್ಕನ ವಿಷಯದಲ್ಲಿ ಆದದ್ದು ಅದೇ.

ಬಾಗಿಲಕ್ಕ ಎಂಬುದು ಅವಳಿಗೆ ಕಚೇರಿಯಲ್ಲಿ ಬಿದ್ದ ಹೆಸರು. ವಿಡಿಯೋ ಗೇಮ್ ಮಾಡುವ ಕಂಪನಿಯಲ್ಲಿ ಒಬ್ಬರು ಮರ ಮಾಡುತ್ತಾರೆ, ಒಬ್ಬರು ಮಳೆ ಮಾಡುತ್ತಾರೆ, ಗುಂಡು ತಗುಲಿದವನು ಹೇಗೆ ಬೀಳಬೇಕೆಂದು ಯೋಚಿಸುವುದಕ್ಕೇ ಒಬ್ಬನಿರುತ್ತಾನೆ. ಇವಳು ಆರು ವರ್ಷದಿಂದ ಬಾಗಿಲು ಮಾಡುತ್ತಿದ್ದಳು. ನಗಬೇಡಿ. ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ, ತೆರೆದಾಗ ಆಡುವವನ ಮೂಗಿಗೆ ಬಡಿಯುತ್ತದೋ, ಹಿಂದೆ ಬರುವ ನಾಯಿ ಒಳಗೆ ಬರುತ್ತದೋ ಹೊಸ್ತಿಲಲ್ಲೇ ಸಿಕ್ಕಿಕೊಂಡು ಕುಣಿಯುತ್ತದೋ, ಇದನ್ನೆಲ್ಲ ನೋಡಿಕೊಳ್ಳಲು ಒಂದು ಜೀವ ಬೇಕು. ಎಲ್ಲಕ್ಕಿಂತ ಮೊದಲು ಬಾಗಿಲ ಹಿಂದೆ ಒಂದು ಕೋಣೆ ಬೇಕು. ಕೋಣೆಗೆ ಬೆಳಕು, ಮಂಚ, ಗೋಡೆಗೊಂದು ಗಡಿಯಾರ. ಅಷ್ಟೆಲ್ಲ ಮಾಡಲು ಜನ ಸಾಲದಾದಾಗ ಬಾಗಿಲಿನ ಚಿತ್ರವನ್ನು ಗೋಡೆಗೆ ಅಂಟಿಸಿಬಿಡುತ್ತಾರೆ. ನೋಡಲು ಬಾಗಿಲೇ, ಹಿಡಿಕೆಯೂ ಇರುತ್ತದೆ, ತೆರೆಯುವುದಿಲ್ಲ. ಅಂಥದ್ದನ್ನು ಕಚೇರಿಯಲ್ಲಿ ಎಲ್ಲರೂ 'ಗೋಡೆ' ಎಂದೇ ಕರೆಯುತ್ತಿದ್ದರು.

ಆಟದ ಹೆಸರು 'ಹೊಗೆಪೇಟೆ'. ಕಳೆದುಹೋದ ತಂಗಿಯನ್ನು ಹುಡುಕುತ್ತ ಒಂದು ಊರಿನ ತುಂಬ ಅಲೆಯುವ ಆಟ. ಮೊದಲ ವರ್ಷ ಹಾಕಿಕೊಂಡ ಯೋಜನೆಯಲ್ಲಿ ಊರಿನ ಸಾವಿರದ ನೂರ ನಲವತ್ತು ಬಾಗಿಲೂ ತೆರೆಯಬೇಕಿತ್ತು. ಎರಡನೆಯ ವರ್ಷಕ್ಕೆ ಅದು ಐನೂರಾಯಿತು, ನಾಲ್ಕನೆಯ ವರ್ಷಕ್ಕೆ ಇನ್ನೂರು. ಕೊನೆಗೆ ಉಳಿದದ್ದು ಅರವತ್ತೆರಡು. ಮಿಕ್ಕದ್ದೆಲ್ಲ ಗೋಡೆ. ಇದನ್ನು ಆಟಗಾರರಿಗೆ ಯಾರೂ ಹೇಳಿರಲಿಲ್ಲ. ಕಂಪನಿಯ ಮುಖ್ಯಸ್ಥ ವರ್ಷಕ್ಕೊಮ್ಮೆ ವೇದಿಕೆ ಹತ್ತಿ, ಎರಡೂ ಕೈ ಅಗಲಿಸಿ, "ಇಂಥಾ ಊರನ್ನ ನೀವು ಕನಸಲ್ಲೂ ಕಂಡಿರಲ್ಲ" ಎನ್ನುತ್ತಿದ್ದ. ಅಂಗೈಯಲ್ಲಿ ಅರಮನೆ ತೋರಿಸುವ ಬಾಯಿ ಅವನದು. ಕೇಳುವ ಜನವೂ ಹಾಗೇ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು.

ಬಿಡುಗಡೆಗೆ ಎರಡು ತಿಂಗಳಿದೆ ಎನ್ನುವಾಗ ಕಂಪನಿಯವರು ಆಟಗಾರರ ಪ್ರಶ್ನೆಗಳಿಗೆ ನೇರ ಪ್ರಸಾರದಲ್ಲಿ ಉತ್ತರ ಕೊಡುವ ಕಾರ್ಯಕ್ರಮ ಇಟ್ಟುಕೊಂಡರು. ಬಾಗಿಲಕ್ಕನನ್ನೂ ತಂದು ಕೂರಿಸಿದರು. ಜನ್ಮದಲ್ಲಿ ಕ್ಯಾಮೆರಾದ ಮುಂದೆ ಕೂತವಳಲ್ಲ, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮೂರನೆಯ ಪ್ರಶ್ನೆ 'ಚಿಲಕ' ಎಂಬ ಅಡ್ಡಹೆಸರಿನ ಆಟಗಾರನದು. ಮುಖ ಕಾಣುತ್ತಿರಲಿಲ್ಲ. ತಣ್ಣಗಿನ, ಅವಸರವೇ ಇಲ್ಲದ ದನಿ.

"ಮೇಡಂ, ನಾವು ಊರಲ್ಲಿ ನಡ್ಕೊಂಡು ಹೋಗ್ತಿರ್ತೀವಿ" ಎಂದ.

"ಹೂಂ" ಎಂದಳು.

"ಯಾವುದೋ ಒಂದು ಮನೆ ಕಾಣುತ್ತೆ. ಕಥೆಗೆ ಸಂಬಂಧಾನೇ ಇಲ್ಲದ ಮನೆ."

"ಹೂಂ."

"ಅದರ ಬಾಗಿಲೂ ತೆರೆಯುತ್ತೆ. ಊರಲ್ಲಿರೋ ಒಂದೊಂದು ಬಾಗಿಲೂ ತೆರೆಯುತ್ತೆ. ಅಲ್ವಾ?"

"ಹೂಂ..." ಎಂದಳು, ಇನ್ನೇನೋ ಕೇಳುವವನಿದ್ದಾನೆ ಎಂದುಕೊಂಡು. ಹಾಗಲ್ಲಪ್ಪ ಎಂದು ಹೇಳಲು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಖ್ಯಸ್ಥ ಚಪ್ಪಾಳೆ ತಟ್ಟಿ, "ಕೇಳಿದ್ರಲ್ಲ! ಬಾಗಿಲು ಮಾಡೋರ ಬಾಯಿಂದಾನೇ ಬಂತು. ಮುಂದಿನ ಪ್ರಶ್ನೆ" ಎಂದುಬಿಟ್ಟ.

ಈ ಹೂಂ ಅವಳ ಗಂಟಲಿಗೆ ಅಂಟಿದ್ದು ಚಿಕ್ಕಪ್ಪನಿಂದ. ಅಪ್ಪ ಅಮ್ಮ ಇಬ್ಬರೂ ಬೇಗ ಹೋದ ಮೇಲೆ ಅವಳನ್ನು ಸಾಕಿದವನು ಅವನೇ. ಲಿಫ್ಟ್ ರಿಪೇರಿ ಅವನ ಕೆಲಸ. ಸಂಜೆ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಕಥೆ ಹೇಳುತ್ತಿದ್ದ. ಹೂಂ ಎನ್ನದಿದ್ದರೆ ಕಥೆ ಅಲ್ಲೇ ನಿಲ್ಲುತ್ತಿತ್ತು, ರಾಜಕುಮಾರ ಬಾವಿಯಲ್ಲೇ ಉಳಿಯುತ್ತಿದ್ದ. ಆ ಅಭ್ಯಾಸ ದೊಡ್ಡವಳಾದ ಮೇಲೂ ಹೋಗಲಿಲ್ಲ. ಯಾರ ಮಾತು ಎಲ್ಲಿ ನಿಂತರೂ ಅವಳ ಗಂಟಲು ತಾನಾಗಿ ಹೂಂ ಎನ್ನುತ್ತಿತ್ತು.

ಮರುದಿನ ಮಧ್ಯಾಹ್ನದೊಳಗೆ ಆ ಕೊನೆಯ ಹೂಂನ ತುಣುಕು ಎಲ್ಲರ ಫೋನಿನಲ್ಲಿತ್ತು. ಮುಂಗಡ ಬುಕಿಂಗ್ ನುಗ್ಗಿತು. ಬಾಗಿಲಕ್ಕ ಮುಖ್ಯಸ್ಥನ ಕೋಣೆಗೆ ಹೋದಳು.

"ಸರ್, ನಾನು ಹೌದು ಅಂತ ಅಂದಿದ್ದಲ್ಲ. ಕೇಳಿಸ್ಕೊತಾ ಇದ್ದೀನಿ ಅಂತ ಅಂದಿದ್ದು."

"ನಂಗೊತ್ತಿಲ್ವೇನಮ್ಮಾ? ಆದ್ರೆ ಈಗ ಹೋಗಿ ಇಲ್ಲ ಅಂದ್ರೆ ಆರು ವರ್ಷದ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ. ಆಟ ಕೈಗೆ ಬಂದ ಮೇಲೆ ಜನ ಮರೀತಾರೆ. ಮನೇಲೂ ಬಾಯಿ ಬಿಡಬೇಡಿ, ಕೆಲಸಕ್ಕೆ ಸೇರೋವಾಗ ಬರೆದುಕೊಟ್ಟಿದ್ದೀರ, ನೆನಪಿದೆ ತಾನೆ?"

ನೆನಪಿತ್ತು. ಆಡಿದ ಮಾತು, ಒಡೆದ ಮುತ್ತು ಮತ್ತೆ ಕೂಡುವುದಿಲ್ಲ ಎನ್ನುತ್ತಾರೆ. ಅವಳಂತೂ ಮಾತನ್ನೇ ಆಡಿರಲಿಲ್ಲ.

ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವನ ಕಟ್ಟಡದಲ್ಲಿ ಲಿಫ್ಟೇ ಇರಲಿಲ್ಲ. ಚಿಕ್ಕಪ್ಪನ ಮೊಣಕಾಲು ಸೋತು ನಾಲ್ಕು ವರ್ಷವಾಗಿತ್ತು, ಕೆಳಗಿಳಿದರೆ ಮತ್ತೆ ಹತ್ತುವುದು ಅವನಿಂದ ಆಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ಕಿಟಕಿ ಹಿಡಿದು ಕೂರುತ್ತಿದ್ದರೇನೋ. ಅವನು ಆಟ ಹಿಡಿದ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೂರು ಹೊತ್ತೂ ಒಂದಲ್ಲ ಒಂದು ಊರಿನ ಬೀದಿಯಲ್ಲಿ ಓಡಾಡುತ್ತಿದ್ದ. 'ಹೊಗೆಪೇಟೆ'ಗಾಗಿ ಕಾಯುವವರದೊಂದು ಸಂಘವಿತ್ತು, ಎಲ್ಲರೂ ದನಿಯಲ್ಲೇ ಪರಿಚಯ. ಅಲ್ಲಿ ಅವನಿಗೆ 'ಯಜಮಾನ್ರು' ಎಂದು ಹೆಸರು. ಜಗಳವಾದರೆ ಬಿಡಿಸುವವನು ಅವನೇ, ಯಾರಿಗೆ ಕೆಲಸ ಹೋದರೂ ಸಮಾಧಾನ ಹೇಳುವವನು ಅವನೇ. ಆ ದನಿಗಳನ್ನು ಬಿಟ್ಟರೆ ಅವನಿಗೆ ಇದ್ದವಳು ಇವಳೊಬ್ಬಳೇ.

ತುಣುಕು ಹಬ್ಬಿದ ದಿನ ಸಂಜೆ ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿದ: "ನಿಜವೇನೇ? ಎಲ್ಲಾ ಬಾಗಿಲೂನಾ?"

ಅವಳು ಪಾತ್ರೆ ತೊಳೆಯುತ್ತಿದ್ದಳು. ಬೆನ್ನು ಅವನ ಕಡೆಗಿತ್ತು. ತಿರುಗಿದ್ದರೆ ಹೇಳುತ್ತಿದ್ದಳೋ ಏನೋ. "ಹೂಂ" ಎಂದಳು.

ಹೂಂ ಎಂದರೇನು ಎಂದು ಈ ಭೂಮಿಯ ಮೇಲೆ ಒಬ್ಬನಿಗೆ ಚೆನ್ನಾಗಿ ಗೊತ್ತಿದ್ದರೆ ಅದು ಆ ಮನುಷ್ಯನಿಗೆ. ಆದರೂ ನಂಬಿದ. ಕುಂಟುತ್ತ ಒಳಗೆ ಹೋಗಿ, ಹೆಡ್‌ಫೋನ್ ಏರಿಸಿ, ಇಡೀ ಸಂಘಕ್ಕೆ ಸಾರಿದ: "ನಮ್ಮಣ್ಣನ ಮಗಳೇ ಆ ಬಾಗಿಲು ಮಾಡೋಳು. ಮನೇಲೂ ಕೇಳ್ದೆ. ಎಲ್ಲಾ ತೆರೆಯುತ್ತೆ ಅಂದ್ಳು. ನನ್ನ ಮಾತು ನಂಬಿ." ಖುಷಿ ಹೆಚ್ಚಾಗಿ ಬೀದಿಯ ಹೆಸರು, ಮಹಡಿ, ಬಾಗಿಲಿನ ನೀಲಿ ಬಣ್ಣ ಎಲ್ಲವನ್ನೂ ಹೇಳಿ ಯಾವಾಗಲಾದರೂ ಬನ್ನಿ ಎಂದು ಕರೆದ. ಅವಳಿಗೆ ಅಡುಗೆಮನೆಗೆ ಎಲ್ಲ ಕೇಳಿಸುತ್ತಿತ್ತು. ನಾಳೆ ಹೇಳೋಣ ಎಂದುಕೊಂಡಳು. ಎರಡು ತಿಂಗಳಲ್ಲಿ ಅರವತ್ತು ನಾಳೆಗಳು ಬಂದವು, ಹೋದವು.

ಆಟ ಬಂತು. ಮೊದಲ ದಿನ ಅವಳು ರಜೆ ಹಾಕಿ ಚಿಕ್ಕಪ್ಪನ ಪಕ್ಕ ಕೂತಳು. ಬೇಕರಿಯ ಬಾಗಿಲು ತೆರೆಯಿತು, ಅವನು ಮಗುವಿನ ಹಾಗೆ ನಕ್ಕ. ಔಷಧಿ ಅಂಗಡಿಯದೂ ತೆರೆಯಿತು. ಮೂರನೆಯ ಮನೆಯದು ತೆರೆಯಲಿಲ್ಲ.

"ಬೀಗ ಹಾಕಿರಬೇಕು" ಎಂದ. "ಕೀ ಎಲ್ಲಾದ್ರೂ ಸಿಗುತ್ತೇನೋ."

ನಾಲ್ಕನೆಯದೂ ತೆರೆಯಲಿಲ್ಲ, ಐದನೆಯದೂ. ಅವನು ಒಂದು ನೋಟ್‌ಬುಕ್ ತೆಗೆದುಕೊಂಡ. ಮೊದಲ ಬೀದಿಯಿಂದ ಶುರುಮಾಡಿ, ಒಂದು ಬಾಗಿಲೂ ಬಿಡದೆ ತಟ್ಟುತ್ತ, ತೆರೆದದ್ದಕ್ಕೊಂದು ಗೀಟು ತೆರೆಯದ್ದಕ್ಕೊಂದು ಗೀಟು ಹಾಕುತ್ತ ಹೋದ. ಹಳೆಯ ಕೆಲಸದ ಶಿಸ್ತು ಅದು. ಲಿಫ್ಟ್ ಎಲ್ಲಿ ನಿಂತಿದೆ ಎಂದು ಒಂದೊಂದೇ ಮಹಡಿ ಹತ್ತಿ ನೋಡುವ ಶಿಸ್ತು. ಐದು ದಿನ ಹೀಗೇ ನಡೆಯಿತು. ಆರನೆಯ ದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಾಗ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ: "ಮಗಳೇ, ಇವುಗಳ ಹಿಂದೆ ಏನಿದೆ?"

"ಏನೂ ಇಲ್ಲ ಚಿಕ್ಕಪ್ಪ."

"ಕತ್ತಲೆಯಾ?"

"ಕತ್ತಲೆನೂ ಇಲ್ಲ. ಕತ್ತಲೆ ಮಾಡಕ್ಕೂ ಒಂದು ಕೋಣೆ ಬೇಕು."

ಅವನು ತಲೆಯಾಡಿಸಿದ. "ನೀನು ಅವತ್ತು ಹೂಂ ಅಂದ್ಯಲ್ಲ" ಎಂದು ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಸಂಘದಲ್ಲಿ ಈಗ ಯಾರೂ ಅವನ ಹತ್ತಿರ ಮಾತಾಡುತ್ತಿರಲಿಲ್ಲ. ಅವನು ಬಂದ ತಕ್ಷಣ ಎಲ್ಲ ದನಿಗಳೂ ಒಂದೇ ಸಲ ಆರಿಹೋಗುತ್ತಿದ್ದವು ಎಂದು ಅವನೇ ಒಮ್ಮೆ ಹೇಳಿದ್ದ. "ಆಟದ ಮೇಲೆ ಸಿಟ್ಟು ಅವರಿಗೆ, ನನ್ನ ಮೇಲಲ್ಲ. ಸರಿಹೋಗುತ್ತೆ ಬಿಡು" ಎಂದಿದ್ದ. ಆದರೂ ಹೆಡ್‌ಫೋನ್ ಹಾಕಿಕೊಂಡೇ ಊಟ ಮಾಡುತ್ತಿದ್ದ, ಯಾರಾದರೂ ಕರೆದಾರೆಂದು.

ಇತ್ತ ಅವಳ ಫೋನಿಗೆ ಚಿತ್ರಗಳು ಬರತೊಡಗಿದವು. ಕಳಿಸುತ್ತಿದ್ದವನು ಚಿಲಕ, ನಂಬರು ಎಲ್ಲಿ ಸಿಕ್ಕಿತೋ. ಬೈಗುಳವಿಲ್ಲ, ಬೆದರಿಕೆಯಿಲ್ಲ. ಒಂದು ಬಾಗಿಲಿನ ಚಿತ್ರ, ಕೆಳಗೆ ಒಂದೇ ಸಾಲು: 'ಇದು ತೆರೆಯುತ್ತಾ?' ಮೊದಮೊದಲು ಆಟದೊಳಗಿನ ಬಾಗಿಲುಗಳು, ಅವಳೇ ಬಣ್ಣ ಕೊಟ್ಟ ಗೋಡೆಗಳು. ದಿನಕ್ಕೆ ಇಪ್ಪತ್ತು, ಮೂವತ್ತು. ಆಮೇಲೆ ನಿಜವಾದ ಬಾಗಿಲುಗಳು ಬಂದವು. ಯಾವುದೋ ಗೋದಾಮಿನದು, ಯಾವುದೋ ಶಾಲೆಯದು. 'ಇದು ತೆರೆಯುತ್ತಾ?' ಎಂಟನೆಯ ದಿನ ಬಂದ ಚಿತ್ರದಲ್ಲಿ ಒಂದು ಬೂದು ಬಣ್ಣದ ಕಬ್ಬಿಣದ ಬಾಗಿಲು, ಅದಕ್ಕೊಂದು ಹಳದಿ ಕೊಡೆ ಒರಗಿಸಿದ್ದು ಕಾಣುತ್ತಿತ್ತು. ಕೊಡೆ ಅವಳದು. ಬಾಗಿಲು ಅವರ ಕಚೇರಿಯ ಹಿಂಬದಿಯದು. ಚಿತ್ರವನ್ನು ಒಯ್ದು ಮುಖ್ಯಸ್ಥನಿಗೆ ತೋರಿಸಿದಳು.

ಕಂಪನಿ ಎಚ್ಚೆತ್ತುಕೊಂಡಿತು. ಮುಂದೆ ಇಬ್ಬರು ಹಿಂದೆ ಇಬ್ಬರು ಕಾವಲಿನವರು ಬಂದರು, ಒಳಗೆ ಹೋಗಲು ಹೊಸ ಕಾರ್ಡು ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಗಾದೆಯಿದೆಯಲ್ಲ, ಇಲ್ಲಿ ಕೋಟೆ ಬಾಗಿಲನ್ನೇನೋ ಹೊತ್ತಿಗೆ ಸರಿಯಾಗಿ ಹಾಕಿದರು, ಊರು ಇರುವುದು ಬೇರೆ ಕಡೆ ಎಂದು ಯಾರಿಗೂ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ. ಹೆದರಿದವರಿಗೆ ತಮ್ಮ ತಲೆಯೊಂದೇ ಕಾಣುವುದು.

ಹತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವಳನ್ನು ಮುಖ್ಯಸ್ಥನ ಕೋಣೆಗೆ ಕರೆದರು. ಕಂಪನಿಯ ವಕೀಲೆಯೂ ಅಲ್ಲಿದ್ದಳು. ಮೇಜಿನ ಮೇಲೆ ಒಂದು ಪ್ರಕಟಣೆ. ಓದಲು ಕೊಟ್ಟರು. ಎಲ್ಲ ಬಾಗಿಲುಗಳೂ ತೆರೆಯುತ್ತವೆ ಎಂದು ಕಂಪನಿ ಎಂದೂ ಹೇಳಿಲ್ಲ. ಸಿಬ್ಬಂದಿಯೊಬ್ಬರ ಕುಟುಂಬದ ಸದಸ್ಯರು ಆಟಗಾರರ ಸಂಘದಲ್ಲಿ ತಪ್ಪು ಮಾಹಿತಿ ಹಬ್ಬಿಸಿದ್ದು ವಿಷಾದದ ಸಂಗತಿ. ಇದನ್ನು ಸದರಿ ಸಿಬ್ಬಂದಿ ಒಪ್ಪಿರುತ್ತಾರೆ.

"ಇದು ನಮ್ಮ ಚಿಕ್ಕಪ್ಪ" ಎಂದಳು.

"ಹೆಸರೆಲ್ಲಿದೆ ತೋರಿಸಿ" ಎಂದಳು ವಕೀಲೆ. "ಕುಟುಂಬದ ಸದಸ್ಯರು ಅಂತ ಇದೆ. ಯಾರು ಬೇಕಾದ್ರೂ ಆಗಬಹುದು."

"ಆದ್ರೆ ಸರ್, ಹೂಂ ಅಂದಿದ್ದು ನಾನು. ಅವರು ನನ್ನ ಮಾತು ನಂಬಿ..."

ಮುಖ್ಯಸ್ಥ ಕನ್ನಡಕ ತೆಗೆದು ಒರೆಸಿಕೊಂಡ. "ನೋಡಮ್ಮಾ, ಹಂಗಾದ್ರೆ ಇದನ್ನ ಹರಿದು ಹಾಕಿ ಬೇರೆ ಬರೀಬೇಕಾಗುತ್ತೆ. ಕಂಪನಿ ಒಪ್ಪಿಗೆ ಇಲ್ಲದೆ ಕ್ಯಾಮೆರಾ ಮುಂದೆ ಮಾತು ಕೊಟ್ಟೋರು ನೀವು ಅಂತ ಬರೀಬೇಕಾಗುತ್ತೆ. ಹೆಸರು ಹಾಕಿ. ಆಮೇಲೆ ಆ ಚಿಲಕ ಅನ್ನೋನು ನಿಮ್ಮನ್ನ ಬಿಡ್ತಾನಾ? ನಾವು ಎಷ್ಟು ದಿನ ಅಂತ ಕಾವಲು ಕೊಡೋದು?"

ಅತ್ತ ದರಿ ಇತ್ತ ಪುಲಿ. ಅವಳು ಪ್ರಕಟಣೆಯನ್ನು ಇನ್ನೊಮ್ಮೆ ಓದಿದಳು. ಹೆಸರಿಲ್ಲ, ನಿಜ. ಹೆಸರಿಲ್ಲದ ಮೇಲೆ ಚಿಕ್ಕಪ್ಪನಿಗೆ ಏನಾದೀತು, ಆತ ಮನೆ ಬಿಟ್ಟು ಹೊರಗೇ ಹೋಗುವವನಲ್ಲ, ಸಂಜೆ ಕೂರಿಸಿಕೊಂಡು ಎಲ್ಲ ಹೇಳಿದರಾಯಿತು, ಕಾಲು ಹಿಡಿದರಾಯಿತು. ಹೀಗೆ ತನಗೆ ತಾನೇ ಕಥೆ ಹೇಳಿಕೊಂಡಳು, ತಾನೇ ಹೂಂಗುಟ್ಟಿದಳು, ಸಹಿ ಹಾಕಿದಳು. ಅವಳನ್ನು ಬೈಯುವುದು ಸುಲಭ. ಆ ಹಳದಿ ಕೊಡೆಯ ಚಿತ್ರ ನಮ್ಮ ಫೋನಿಗೆ ಬಂದಿರಲಿಲ್ಲ.

ಹೆಸರಿಲ್ಲದಿದ್ದರೇನು? ಸಂಘದಲ್ಲಿ 'ನಮ್ಮಣ್ಣನ ಮಗಳು ಹೇಳಿದಳು, ನನ್ನ ಮಾತು ನಂಬಿ' ಎಂದವನು ಒಬ್ಬನೇ ಒಬ್ಬ. ಸಾವಿರ ಬಾಗಿಲು ಮಾಡಿದವಳಿಗೆ ಇಷ್ಟು ಸಣ್ಣ ಸಂದು ಕಾಣಲಿಲ್ಲ.

ಪ್ರಕಟಣೆ ಒಂದು ಗಂಟೆಗೆ ಹೊರಬಿತ್ತು. ಒಂದೂವರೆಗೆ ಅವಳ ಫೋನಿಗೆ ಚಿತ್ರಗಳು ಬರುವುದು ನಿಂತಿತು. ಎರಡೂ ಆಯಿತು, ಎರಡೂವರೆಯೂ ಆಯಿತು, ಒಂದೂ ಬರಲಿಲ್ಲ. ಹತ್ತು ದಿನದಲ್ಲಿ ಮೊದಲ ಸಲ ಅವಳು ಉಸಿರು ಬಿಟ್ಟು ಊಟದ ಡಬ್ಬಿ ತೆಗೆದಳು. ಎರಡು ತುತ್ತು ತಿಂದಿದ್ದಳೋ ಇಲ್ಲವೋ, ಇದ್ದಕ್ಕಿದ್ದಂತೆ ಕೈ ತುತ್ತಿನಲ್ಲೇ ನಿಂತಿತು. ಚಿಲಕನಿಗೆ ತನ್ನ ಹತ್ತಿರ ಕೇಳುವುದು ಏನೂ ಉಳಿದಿಲ್ಲ ಎಂದರೆ, ಬೇರೆ ಯಾರ ಹತ್ತಿರವೋ ಕೇಳುತ್ತಿದ್ದಾನೆ ಎಂದರ್ಥ. ಡಬ್ಬಿ ಬಿಟ್ಟು ಮನೆಗೆ ಫೋನ್ ಮಾಡಿದಳು.

ಚಿಕ್ಕಪ್ಪ ತಕ್ಷಣ ಎತ್ತಿದ. ಅಷ್ಟು ಉತ್ಸಾಹದ ದನಿ ಅವಳು ಕೇಳಿ ಹತ್ತು ದಿನವಾಗಿತ್ತು.

"ನೂರು ವರ್ಷ ಆಯಸ್ಸು ನಿಂಗೆ! ಈಗ ನಿನ್ನ ವಿಷ್ಯಾನೇ ಮಾತಾಡ್ತಿದ್ವಿ. ಸಂಘದೋರು ಬಂದಿದ್ದಾರೆ ಕಣೇ, ನಾಲ್ಕು ಜನ! ಮೂರು ಮಹಡಿ ಹತ್ಕೊಂಡು! ನಾನು ಹೇಳ್ಲಿಲ್ವಾ ಸರಿಹೋಗುತ್ತೆ ಅಂತ?"

"ಯಾರು ಚಿಕ್ಕಪ್ಪ? ಯಾರ್ಯಾರು?"

"ಮುಖ ನೋಡಿದ್ರೆ ನಂಗೆ ಗೊತ್ತಾಗಲ್ವಲ್ಲ, ದನಿ ಕೇಳಿದ್ರೆ ಗೊತ್ತಾಗ್ಬೇಕು. ಒಬ್ರೇ ಮಾತಾಡೋದು. ಚಿಲಕ ಅಂತೆ. ಮಿಕ್ಕೋರು ಬಾಯೇ ಬಿಡ್ತಿಲ್ಲ, ಪಾಪ, ನಾಚಿಕೆ."

ಅವಳು ಎದ್ದು ನಿಂತಳು. ಕಚೇರಿಯಿಂದ ಮನೆಗೆ ಒಂದು ಗಂಟೆಯ ದಾರಿ.

"ಚಿಕ್ಕಪ್ಪ, ಜೋರಾಗಿ ಮಾತಾಡ್ಬೇಡ. ಅವರನ್ನ ಏನಾದ್ರೂ ಹೇಳಿ ಹೊರಗೆ ಕಳಿಸು. ಕೇಳಿಸ್ತಾ?"

"ಹೂಂ."

"ಪಕ್ಕದ ಮನೆಯೋರನ್ನ ಕರಿ. ಈಗ್ಲೇ."

"ಹೂಂ" ಎಂದ ಚಿಕ್ಕಪ್ಪ. ಯಾವ ಹೂಂ ಎಂದು ಅವಳಿಗೆ ತಿಳಿಯಲಿಲ್ಲ. ಅವನ ಹಿಂದೆ ಏನೋ ಸದ್ದಾಗುತ್ತಿತ್ತು. ಅವಳ ಆರು ವರ್ಷ ಆ ಸದ್ದಿನಲ್ಲೇ ಕಳೆದಿತ್ತು. ಒಂದು ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು, ಇನ್ನೊಂದು ತೆರೆದ ಸದ್ದು.

"ಅದೇನು ಶಬ್ದ?"

"ನಮ್ಮನೆ ಬಾಗಿಲು ನೋಡ್ತಿದ್ದಾರೆ" ಎಂದು ನಕ್ಕ. "ಬಾಗಿಲು ಮಾಡೋಳ ಮನೇಲಿ ಬಾಗಿಲು ಹೆಂಗಿರುತ್ತೆ ಅಂತ ನೋಡ್ಬೇಕಂತೆ. ಬಂದಾಗಿಂದ ಅದೇ. ನಿನ್ನ ಕೋಣೆದು, ಬಚ್ಚಲದ್ದು, ಬೀರೂದು, ಒಂದೂ ಬಿಡ್ತಿಲ್ಲ. ಮೂರನೇ ಸುತ್ತು ಇದು." ಆಮೇಲೆ ದನಿ ಸ್ವಲ್ಪ ಇಳಿಯಿತು. "ಅಲ್ವೇ, ನಿಮ್ಮ ಕಂಪನಿದು ಒಂದು ಕಾಗದ ಓದಿ ತೋರಿಸಿದ್ರು. ಮನೆಯೋರು ಯಾರೋ ಸುಳ್ಳು ಹಬ್ಬಿಸಿದ್ರು ಅಂತ, ನೀನೂ ಅದಕ್ಕೆ ಒಪ್ಕೊಂಡಿದ್ದೀಯ ಅಂತ. ಅದು ಬೇರೆ ಯಾರ ಬಗ್ಗೆನೋ ತಾನೆ? ನಾನು ಇವರಿಗೆ ಅದನ್ನೇ ಹೇಳ್ದೆ. ನನ್ನ ಮಗಳು ಅಂಥದ್ದಕ್ಕೆಲ್ಲ ಒಪ್ಪೋಳಲ್ಲ ಅಂದೆ."

ಅವಳ ಗಂಟಲಿನಲ್ಲಿ ಆ ಹಳೆಯ ಸದ್ದೂ ಹುಟ್ಟಲಿಲ್ಲ.

"ಚಿಕ್ಕಪ್ಪ, ಕೇಳು..."

"ತಡಿ ತಡಿ, ನೀರು ಕುದೀತಿದೆ. ನೀನು ಇವರಿಗೇ ಹೇಳ್ಬಿಡು, ನನ್ನ ಮಾತಿಗಿಂತ ನಿನ್ನ ಮಾತು ಗಟ್ಟಿ. ತಗೊಳ್ಳಪ್ಪ, ನಮ್ಮ ಹುಡುಗಿ."

ಫೋನ್ ಕೈಯಿಂದ ಕೈಗೆ ಹೋಯಿತು. ಅತ್ತ ಯಾರೋ ಉಸಿರಾಡುತ್ತಿದ್ದರು. ಅವಳು ಮೆಟ್ಟಿಲು ಇಳಿಯುತ್ತ, ಕಾವಲಿನವನನ್ನು ತಳ್ಳಿಕೊಂಡು ರಸ್ತೆಗೆ ಓಡುತ್ತ, ಎರಡು ತಿಂಗಳಿಂದ ನುಂಗಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು: ಹೂಂ ಅಂದವಳು ನಾನು, ಬಾಗಿಲುಗಳು ತೆರೆಯುವುದಿಲ್ಲ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳು ನಾನು, ಸಹಿ ಹಾಕಿದವಳು ನಾನು, ಆ ಮನುಷ್ಯ ಹುಟ್ಟಿದಾಗಿನಿಂದ ಒಂದೂ ಸುಳ್ಳು ಹೇಳಿದವನಲ್ಲ, ಅವನನ್ನು ಬಿಟ್ಟುಬಿಡಿ.

ಚಿಲಕ ನಡುವೆ ಬಾಯಿ ಹಾಕಲಿಲ್ಲ. ಅವಳು ಉಸಿರಿಗೆ ನಿಂತಲ್ಲೆಲ್ಲ, ಮೆಲ್ಲಗೆ, ತಾಳ್ಮೆಯಿಂದ, "ಹೂಂ" ಎನ್ನುತ್ತಿದ್ದ. ಎಲ್ಲ ಮುಗಿದ ಮೇಲೆ ಹೇಳಿದ: "ನೀವು ನಿಧಾನಕ್ಕೆ ಬನ್ನಿ ಮೇಡಂ. ಆರು ವರ್ಷ ಕಾದೋರಿಗೆ ಒಂದು ಗಂಟೆ ಏನು ಮಹಾ."

ಫೋನನ್ನು ಅವನು ಇಡಲಿಲ್ಲ, ಎಲ್ಲೋ ಮೇಜಿನ ಮೇಲೆ ಹಾಗೇ ಬಿಟ್ಟ. ಒಂದೂ ಟ್ಯಾಕ್ಸಿ ನಿಲ್ಲುತ್ತಿರಲಿಲ್ಲ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ನಡುರಸ್ತೆಯಲ್ಲಿ ನಿಂತಿದ್ದಳು. ದೂರದಲ್ಲಿ ಚಿಕ್ಕಪ್ಪ ಲೋಟ ಜೋಡಿಸುತ್ತ, ಯಾರಿಗೆ ಎಷ್ಟು ಸಕ್ಕರೆ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಯಾರೂ ಉತ್ತರ ಕೊಡುತ್ತಿರಲಿಲ್ಲ.